ಬೀರಸಿದ್ದಪ್ಪನ ಸಿಳ್ಳು

ಬೆಳಗ್ಗೆ ಏಳೂವರೆಗೆ ಬೀರಸಿದ್ದಪ್ಪ ತೀರಿಕೊಂಡ. ಅಂಗಳದ ಸ್ಟೂಲಿನಿಂದ ಅವನನ್ನು ಎತ್ತುವ ಮುಂಚೆ ಮಗಳು ಅನ್ನಪೂರ್ಣಾ ಅವನ ಕೈಯಲ್ಲಿದ್ದ ಬಿದಿರು ಕೋಲನ್ನು ಬಿಡಿಸಿಕೊಳ್ಳಬೇಕಾಯಿತು. ಕೋಲಿನ ತುದಿಗೆ ಖಾಲಿ ಬಾಟಲಿ ಕಟ್ಟಿತ್ತು. ಎದುರಿಗೆ ಕುದುರೆ ನಿಂತಿತ್ತು. ಅದು ಇನ್ನೂ ಉಚ್ಚೆ ಹೊಯ್ದಿರಲಿಲ್ಲ.

ಆರು ಗಂಟೆಗೆ ಮೂಡಲಗಿ ರಸ್ತೆಯಲ್ಲಿ ನಡೆದ ಗಾಡಿ ಶರ್ಯತ್ತಿನಲ್ಲಿ ಗೆದ್ದ ಕುದುರೆ ಅದು. ಹೆಸರು ಸರ್ಜಾ. ಗೆದ್ದ ಕುದುರೆ ನೇರ ಬೀರಸಿದ್ದಪ್ಪನ ಅಂಗಳಕ್ಕೆ ಬರಬೇಕು, ಉಚ್ಚೆ ಹಿಡಿದು ಬಾಟಲಿಗೆ ಮುದ್ರೆ ಬೀಳುವ ತನಕ ಕುದುರೆಯ ಮಾಲಕ ಬೇಲಿ ದಾಟಬಾರದು. ಈ ಕಾಯ್ದೆ ಮಾಡಿದವನು ಬೀರಸಿದ್ದಪ್ಪನೇ. ಸರ್ಜಾನ ಮಾಲಕ ದುಂಡೇಶ, ಅನ್ನಪೂರ್ಣಾಳ ಗಂಡ.

ಹನ್ನೊಂದಾದರೂ ದುಂಡೇಶ ಬೇಲಿಯ ಹೊರಗೇ ನಿಂತಿದ್ದ. ಒಳಗೆ ಪಡಸಾಲೆಯಲ್ಲಿ ಮಾವನ ಹೆಣಕ್ಕೆ ನೀರು ಹಾಕಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿ ಕೂರಿಸಿದ್ದರು. ಗಂಡುಮಕ್ಕಳಿಲ್ಲದ ಮನೆ, ಮೊದಲ ಹೆಗಲು ಅಳಿಯನದೇ.

ಶರ್ಯತ್ತು ಕಮಿಟಿಯ ಅಧ್ಯಕ್ಷ ಧನ್ಯಕುಮಾರ ಕಿರಾಣಿ ಅಂಗಡಿಯವನು. ಕೈ ಜೋಡಿಸಿಕೊಂಡೇ ಮಾತೆತ್ತಿದ. "ಮಾಯವ್ವಾ, ಇವತ್ತೊಂದಿನ ಕಾಯ್ದಾ ಬಾಜೂಕ ಇಡೋಣು. ದುಂಡೇಶ ಒಳಗ ಬರಲಿ."

ಬೀರಸಿದ್ದಪ್ಪನ ಹೆಂಡತಿ ಮಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರು ಕಟ್ಟಿದ್ದನ್ನ ಅವರ ಹೆಣದ ಮುಂದ ಮುರೀತೀರೇನ್ರಿ? ಕುದುರಿ ಉಚ್ಚಿ ಹೊಯ್ಲಿ, ಆಮ್ಯಾಲ ಬರಲಿ."

"ಕುದುರಿ ಹೊಯ್ಬೇಕಲ್ಲ ಕಾಕೂ" ಎಂದ ಅಲ್ಲಪ್ಪ. ಕಮಿಟಿಯ ಕಾವಲಿಗೆ ಕೂತವನು ಅವನು. ಹೆಣ ಮಣ್ಣಾಗುವ ತನಕ ಅವನಿಗೂ ಚಹಾ ಇಲ್ಲ. "ಹೊಯ್ಸಾಕ ಕಾಕಾನಂಗ ನಾನೂ ಸಿಳ್ಳು ಹೊಡದೆ. ಕಿವಿ ಹಿಂದಕ್ಕ ಮಾಡಿ ಒದಿಯಾಕ ಬಂತು."

"ನೀ ಹೊಡದದ್ದು ಟಾಕೀಜಿನ ಸಿಳ್ಳು" ಎಂದ ಧನ್ಯಕುಮಾರ.

"ನಿಮ್ಮದರಾಗ ಬರೇ ಗಾಳಿ ಬಂತಲ್ರಿ."

ಮೂಲೆಯಲ್ಲಿ ಯಾರೋ ಪಿಸುಗುಟ್ಟಿದರು: "ಸೂಜಿ ಹಾಕಿದ್ರ ಇಷ್ಟೊತ್ತಿಗೆ ಅಂಗಳ ತೊಯ್ಯತಿತ್ತು."

"ಹುಚ್ಚಾ, ಅದೆಲ್ಲಾ ಶರ್ಯತ್ತಿನ ಮೊದಲ ಇಳದಿರತೈತಿ. ಈಗ ಖಾಲಿ. ಹೋದ ವರ್ಷದ ಕುದುರಿ ನೆನಪ ಇಲ್ಲೇನು?"

ಅನ್ನಪೂರ್ಣಾ ಕೇಳಿಸಿಕೊಂಡಳು. ಬೆಳಗಿನಿಂದ ಅವಳ ಎದೆಯಲ್ಲಿ ಕೂತಿದ್ದ ಮಾತೂ ಅದೇ.

* * *

ಹೋದ ವರ್ಷ ದುಂಡೇಶ ಬೇರೊಂದು ಕುದುರೆಗೆ ಉಚ್ಚೆ ಸೂಜಿ ಹಾಕಿಸಿದ್ದ. ಆ ಸೂಜಿ ಬಿದ್ದರೆ ಕುದುರೆಯ ಮೈಯ ನೀರೆಲ್ಲ ಉಚ್ಚೆಯಾಗಿ ಇಳಿಯುತ್ತದೆ. ಮೈ ಹಗುರ, ಓಟ ಚುರುಕು. ಬೇರೆ ಔಷಧಿ ಕೊಟ್ಟಿದ್ದರೆ ಅದೂ ಉಚ್ಚೆಯಲ್ಲಿ ತೆಳುವಾಗಿ ತಪಾಸಣೆಗೆ ಸಿಗುವುದಿಲ್ಲ. ಬೇಸಿಗೆಯ ಬಿಸಿಲು, ಕುದುರೆ ಗೆರೆ ಮುಟ್ಟುವ ಮೊದಲೇ ಮುಗ್ಗರಿಸಿ ಬಿದ್ದು ಸತ್ತಿತು.

ಪುಣೆಯ ರೇಸಿನಲ್ಲಿ ಗೆದ್ದ ಕುದುರೆಗಳ ಉಚ್ಚೆ ಹಿಡಿದೇ ಪಗಾರ ಎಣಿಸಿ, ವಯಸ್ಸಾದ ಮೇಲೆ ಊರಿಗೆ ಬಂದಿದ್ದ ಬೀರಸಿದ್ದಪ್ಪ, ಕಮಿಟಿಗೆ ಹೋಗಿ ಇಲ್ಲೂ ತಪಾಸಣೆ ಬೇಕೆಂದ. ಇನ್ನು ಸೂಜಿ ಹಾಕಿಸುವುದಿಲ್ಲವೆಂದು ದುಂಡೇಶ ಬೀರದೇವರ ಭಂಡಾರ ಮುಟ್ಟಿ ಆಣೆ ಮಾಡಿದ. ಅನ್ನಪೂರ್ಣಾ ನಂಬಿದಳು. ಅಪ್ಪ ನಂಬಲಿಲ್ಲ.

"ಆಣಿ ಬಾಯಿಂದ ಬರತೈತಿ" ಎಂದಿದ್ದ. "ನಾ ಬಾಯಿ ನೋಡಂಗಿಲ್ಲ."

ಅಂದಿನಿಂದ ಮಾವ–ಅಳಿಯ ಮಾತಾಡಿರಲಿಲ್ಲ.

* * *

ಅನ್ನಪೂರ್ಣಾ ಎದ್ದು ಅಂಗಳಕ್ಕೆ ಇಳಿದಳು. ಅಪ್ಪ ಹಾಸಿದ್ದ ಕಬ್ಬಿನ ಒಣಗರಿಯ ರವದಿಯನ್ನು ಬಂದವರೆಲ್ಲ ತುಳಿದು ಚೆಲ್ಲಾಪಿಲ್ಲಿ ಮಾಡಿದ್ದರು. ಕುದುರೆಯ ಕಾಲಡಿ ಗಟ್ಟಿ ನೆಲ. ಕಾಲಿಗೆ ಸಿಡಿಯುವ ನೆಲದ ಮೇಲೆ ಕುದುರೆ ಹೊಯ್ಯಲು ಹಿಂಜರಿಯುತ್ತದೆ. ಎರಡು ಹೊರೆ ರವದಿ ತಂದು ದಪ್ಪಗೆ ಹರಡಿದಳು. ಕೋಲು ಎತ್ತಿಕೊಂಡಳು.

"ಅವ್ವಾ, ಅಳೋದು ಒಂದೀಟು ನಿಲ್ಲಸ್ರಿ. ಎಲ್ಲಾರೂ."

ಹೆಂಗಸರು ಅರ್ಧ ಹಾಡಿಗೆ ಬಾಯಿ ಮುಚ್ಚಿದರು. ಅನ್ನಪೂರ್ಣಾ ತುಟಿ ಮುಂದೆ ಮಾಡಿದಳು.

"ಏ, ಹೆಣ್ಣಮಕ್ಕಳು ಸಿಳ್ಳು ಹೊಡಿತಾರೇನು, ಅದೂ ಹೆಣದ ಮನ್ಯಾಗ?" ಎಂದಳು ಒಬ್ಬ ಮುದುಕಿ.

"ಹೊಡೀಲಿ ಬಿಡ್ರಿ" ಎಂದಳು ಮಾಯವ್ವ. "ಕೂಸಿದ್ದಾಗ ಇಕಿ ಉಚ್ಚಿ ಹೊಯ್ಯತಿದ್ದದ್ದೂ ಅದ ಸಿಳ್ಳಿಗೆ. ಪುಣೆದಿಂದ ರಜಾಕ್ಕ ಬಂದಾಗೆಲ್ಲಾ ಇವರು ಮಡಿಲಾಗ ಕೂರಿಸ್ಕೊಂಡು ಅದನ್ನ ಮಾಡತಿದ್ರು. ಮಗಳೋ ಕುದುರಿಯೋ ಅಂತ ನಾ ಬೈತಿದ್ದೆ."

ಸಿಳ್ಳು ಸಣ್ಣಗೆ ಹೊರಟಿತು. ನಳದ ನೀರು ನಿಧಾನಕ್ಕೆ ಬಿಟ್ಟ ಹಾಗೆ ಎಳೆಯಾಗಿ ಬಂದು, ತುದಿಯಲ್ಲಿ ತುಸು ಇಳಿಯಿತು. ಮತ್ತೊಮ್ಮೆ. ಸರ್ಜಾ ಕಿವಿ ತಿರುಗಿಸಿ ಪಡಸಾಲೆಯ ಕಡೆ ನೋಡಿತು. ಮೂರನೆಯ ಸಲಕ್ಕೆ ಹಿಂಗಾಲು ಅಗಲಿಸಿತು.

"ಬಂತು, ಬಂತು!" ಎಂದು ಅಲ್ಲಪ್ಪ ಕೂಗಿ, ಹೆಣ ನೆನಪಾಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಬಾಟಲಿ ತುಂಬಿತು. ಧನ್ಯಕುಮಾರ ಎರಡು ಸಣ್ಣ ಶೀಶೆಗೆ ಹಾಕಿ ಅರಗು ಕಾಯಿಸಿ ಮುದ್ರೆ ಒತ್ತಿದ; ಅವು ಪ್ರಯೋಗಾಲಯಕ್ಕೆ. ಉಳಿದದ್ದನ್ನು ಬೀರಸಿದ್ದಪ್ಪನ ಗಾಜಿನ ನಳಿಕೆಗೆ ಸುರಿದು, ಗೀಟು ಹಾಕಿದ ಗಾಜಿನ ತೇಲನ್ನು ಅದರೊಳಗೆ ಬಿಟ್ಟ. ಉಚ್ಚೆ ನೀರಿನಂತೆ ತೆಳುವಾಗಿದ್ದರೆ ತೇಲು ಆಳಕ್ಕೆ ಮುಳುಗಿ ಹತ್ತಕ್ಕಿಂತ ಕಡಿಮೆ ತೋರಿಸುತ್ತದೆ, ಹಾಗಾದರೆ ಸೂಜಿ. ಅನ್ನಪೂರ್ಣಾ ನೋಡಲಾರದೆ ಬೇಲಿಯ ಕಡೆ ತಿರುಗಿದಳು. ದುಂಡೇಶನೂ ನಳಿಕೆಯನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ.

"ಮೂವತ್ತನಾಲ್ಕು" ಎಂದ ಧನ್ಯಕುಮಾರ. ಕನ್ನಡಕ ಏರಿಸಿ ಮತ್ತೊಮ್ಮೆ ಬಗ್ಗಿದ. "ಮೂವತ್ತನಾಲ್ಕರಿ. ಗಟ್ಟಿ ಉಚ್ಚಿ. ನೀರಿನ ಸೂಜಿ ಬಿದ್ದಿಲ್ಲ."

ಅನ್ನಪೂರ್ಣಾ ಕೋಲನ್ನು ಗೋಡೆಗೆ ಆನಿಸಿದಳು. ಆಮೇಲೆ ಅಲ್ಲೇ ರವದಿಯ ಮೇಲೆ ಕೂತಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು, ನಡುವೆ ನಗುವೂ ಬಂತು.

ಪಡಸಾಲೆಯಲ್ಲಿ ಮಾಯವ್ವ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಕೇಳಿದ್ರೇನ? ಮೂವತ್ತನಾಲ್ಕಂತ" ಎಂದಳು. ಬೇಲಿಯ ಕಡೆ ತಿರುಗಿ ಜೋರಾಗಿ ಹೇಳಿದಳು: "ಅಳಿಯಂದಿರ, ಒಳಗ ಬರ್ರಿ."

ದುಂಡೇಶ ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಬಂದ. ಸರ್ಜಾ ಮೂಸಿ ನೋಡಿತು. ಅವನು ಅದನ್ನು ಮುಟ್ಟದೆ ಮುಂದೆ ಹೋದ. ಹನ್ನೆರಡೂವರೆಗೆ ಹೆಣ ಎತ್ತಿದರು. ಮುಂದಿನ ಬಲ ಹೆಗಲು ದುಂಡೇಶನದು.