ಹಸಿರು ಬಣ್ಣ ಚೆಲ್ಲಿದ ಪುಸ್ತಕ

ಗೋಡೆಗೆ ಬಣ್ಣ ಹೊಡೆಯೋ ಮೇಸ್ತ್ರಿ ಅವತ್ತು ಕೆಲಸದಿಂದ ಬಂದವನೇ ಡಬ್ಬಿಯನ್ನ ಮೇಜಿನ ಮೇಲಿಟ್ಟ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಡಬ್ಬಿ ಉರುಳಿತು. ಮಗಳು ಲೈಬ್ರರಿಯಿಂದ ತಂದು ಅಲ್ಲೇ ತೆರೆದಿಟ್ಟಿದ್ದ ಕಥೆ ಪುಸ್ತಕದ ಮೇಲೆ ಬಣ್ಣ ಚೆಲ್ಲಿತು. ಒರೆಸೋ ಹೊತ್ತಿಗೆ ಪುಸ್ತಕದೊಳಗಿನ ಆನೆ ಸೊಂಡಿಲಿಂದ ಬಾಲದವರೆಗೂ ಹಸಿರಾಗಿತ್ತು.

ಮೇಸ್ತ್ರಿ ಗಾಬರಿಯಿಂದ ಪುಸ್ತಕವನ್ನ ಬೀರುವಿನ ಮೇಲೆ ಬಚ್ಚಿಟ್ಟ. ಆಮೇಲೆ ಮಗಳು "ಲೈಬ್ರರಿಗೆ ಹೋಗೋಣ ಬಾರಪ್ಪಾ" ಅಂದಾಗೆಲ್ಲ "ನಾಳೆ ನೋಡೋಣ" ಅಂತ ಜಾರಿಕೊಂಡ. ಕೆಲಸಕ್ಕೆ ಹೋಗುವಾಗಲೂ ಆ ಬೀದಿ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದ. ಮಗಳು ಪಾಪ, ಕೇಳೋದನ್ನೇ ಬಿಟ್ಟಳು. ಅದು ಅವನನ್ನ ಇನ್ನೂ ಚುಚ್ಚಿತು.

ಪಕ್ಕದ ಮನೆ ಕಂಡಕ್ಟರ್ ಅಕ್ಕ ಲೈಬ್ರರಿಗೆ ತಪ್ಪದೇ ಹೋಗೋಳು. ಕೊನೆಗೆ ಅವಳ ಹತ್ತಿರ ಬಾಯಿಬಿಟ್ಟ.

"ಇಷ್ಟೇನಾ? ಹೋಗಿ ಹೇಳಿಬಿಡು," ಅಂದಳು ಅಕ್ಕ.

"ಅಯ್ಯೋ, ನನ್ನಂಥೋನು ಅಲ್ಲಿಗೆ ಕಾಲಿಟ್ಟರೆ ಓದಿದವರೆಲ್ಲ ತಿರುಗಿ ನೋಡಲ್ವಾಕ್ಕಾ? ಅದರ ಮೇಲೆ ಈ ಘನಕಾರ್ಯ ಬೇರೆ!"

"ಅದೇನು ಯಾರಪ್ಪನ ಮನೆ ಆಸ್ತಿನೇನೋ? ಊರಿನೋರದ್ದು ಕಣೋ, ನಿಂದೂ ಹೌದು. ಮಗಳನ್ನೂ ಕರ್ಕೊ, ನಡಿ."

ಲೈಬ್ರರಿಯ ಮೇಡಂ ಪುಸ್ತಕ ಬಿಡಿಸಿ ನೋಡಿದರು. ಮೇಸ್ತ್ರಿ ಕಾಲ್ಬೆರಳು ನೋಡುತ್ತಾ ನಿಂತ. ಮೇಡಂ ಕಿಸಕ್ಕನೆ ನಕ್ಕರು.

"ಆನೆಗೂ ಬಣ್ಣ ಹೊಡೆದುಬಿಟ್ರಾ? ಇರಲಿ, ಅಕ್ಷರ ಒಂದೂ ಹೋಗಿಲ್ಲ. ಅಂಟಿಕೊಂಡ ಹಾಳೆ ನಾವು ಬಿಡಿಸ್ಕೋತೀವಿ. ಇನ್ನೊಂದ್ಸಲ ಹೀಗಾದ್ರೆ ತಕ್ಷಣ ತನ್ನಿ. ಬಚ್ಚಿಟ್ಟರೆ ನಿಮ್ಮ ಮಗಳಿಗೂ ಓದೋಕೆ ಸಿಗಲ್ಲ, ಬೇರೆ ಮಕ್ಕಳಿಗೂ ಸಿಗಲ್ಲ."

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಮಗಳು ಮಕ್ಕಳ ಮೂಲೆಯಲ್ಲಿ ಚಾಪೆ ಮೇಲೆ ಪುಸ್ತಕ ಹಿಡಿದು ಕೂತಾಗಿತ್ತು.

"ಸರಿ, ನಿಮಗ್ಯಾವ ಪುಸ್ತಕ ಕೊಡಲಿ?" ಮೇಡಂ ಕೇಳಿದರು.

"ನನಗಾ?" ಮೇಸ್ತ್ರಿ ತಲೆ ಕೆರೆದುಕೊಂಡ. "ಅಂಗಡಿ ಬೋರ್ಡು ಬರೆಯೋದು ಕಲೀಬೇಕು ಅಂತ ಆಸೆ. ಅಂಥದ್ದೂ ಇರುತ್ತಾ?"

ಇತ್ತು! ಅಕ್ಷರಗಳನ್ನ ಚೆಂದವಾಗಿ ಬರೆಯೋದು ಹೇಗೆ ಅಂತ ಚಿತ್ರಸಮೇತ ಹೇಳಿಕೊಡೋ ಪುಸ್ತಕ. ಅವನ ಹೆಸರಲ್ಲೇ ಕಾರ್ಡೂ ಆಯಿತು.

ಆ ಸಂಜೆ ಮೇಸ್ತ್ರಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಒರೆಸಿಕೊಂಡು, ಪುಸ್ತಕ ತೆರೆದ. ಹೆಂಡತಿ ನಗುತ್ತಾ ಅಂದಳು: "ಊಟಕ್ಕೂ ಇಷ್ಟು ಚೆನ್ನಾಗಿ ಕೈ ತೊಳೆದೋರಲ್ಲ ನೀವು! ನಾಳೆ ನನಗೂ ಒಂದು ಕಾರ್ಡು ಮಾಡಿಸಿಕೊಡಿ."

ನಿಮ್ಮ ಮನೆಯಲ್ಲೂ ಲೈಬ್ರರಿ ಪುಸ್ತಕವೊಂದು ಹರಿದೋ ನೆನೆದೋ ಮೂಲೆ ಸೇರಿದೆಯಾ? ಸಂಕೋಚ ಬಿಡಿ. ಇವತ್ತೇ ತೆಗೆದುಕೊಂಡು ಹೋಗಿ, ಆದದ್ದು ಹೇಳಿ. ಬರುವಾಗ ನಿಮಗಂತಲೇ ಒಂದು ಪುಸ್ತಕ ಹಿಡ್ಕೊಂಡು ಬನ್ನಿ.