ಎಂಟು ಫೂಟಿನ ಗಾಡಿ

ಬೀದರಿನ ಉದಗೀರ ರಸ್ತೆಯ ಮಗ್ಗುಲಿಗೆ ಮುನೀರೋದ್ದೀನನ ಹಳೇ ಗಾಡಿಗಳ ಮೈದಾನವಿತ್ತು. ಅಲ್ಲಿ ಬೇವಿನ ಗಿಡದ ಕೆಳಗೆ ಎರಡು ಪಿಕಪ್ಪುಗಳು ಒಂದರ ಪಕ್ಕ ಒಂದು ನಿಂತಿದ್ದವು. ದೊಡ್ಡದರ ಬಾಡಿ ಹತ್ತು ಫೂಟು, ಸಣ್ಣದರದು ಎಂಟು. ಕಬ್ಬು ಕಡಿಯಲು ಕೂಲಿ ಮಂದಿಯನ್ನು ಒಯ್ಯುವ ಮುಕಾದಮ ಹಾವಗೆಪ್ಪ ದನದ ಸಂತೆಗೆ ಬಂದವನ ಹಾಗೆ ಒಮ್ಮೆ ಅದರ ಮೈ ತಟ್ಟುತ್ತಿದ್ದ, ಒಮ್ಮೆ ಇದರದು.

"ಏನಂತೀಯೋ ಕಾಶ್ಯಾ? ಹತ್ತಿಂದೋ, ಎಂಟಿಂದೋ? ಓಡಸಾವ ನೀನು. ನೀನೇ ನೋಡಿ ಹೇಳು."

ಡ್ರೈವರ್ ಕಾಶೀರಾಮ ದೊಡ್ಡ ಗಾಡಿಯ ಬಾಡಿಯೊಳಗೆ ನೋಡುತ್ತ ನಿಂತುಬಿಟ್ಟ. ಅಲ್ಲಿ ಏನೂ ಇರಲಿಲ್ಲ, ತೊಳೆದು ಒಣಗಿಸಿದ ಬರೀ ಕಬ್ಬಿಣ. ಅವನಿಗೆ ಮಾತ್ರ ಅದರೊಳಗೆ ಮಂದಿ ಕಾಣುತ್ತಿದ್ದರು.

ಹೋದ ವರ್ಷ ಇಂಥದೇ ಹತ್ತು ಫೂಟಿನ ಕಿರಾಯಿ ಗಾಡಿಯನ್ನು ಓಡಿಸಿದವನು ಇವನೇ. ಔರಾದದಾಚೆಯ ಕಾಶೀರಾಮನ ಊರಿನಿಂದ ಹಾವಗೆಪ್ಪ ಹದಿನಾಲ್ಕು ಕೋಯ್ತಾ ತುಂಬಿಸಿದ್ದ. ಕೋಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಮುಕಾದಮರ ಬಾಯಲ್ಲಿ ಮಾತ್ರ ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು ಕೋಯ್ತಾ. ಮಕ್ಕಳು ಲೆಕ್ಕಕ್ಕಿಲ್ಲ. ಕೊಲ್ಹಾಪುರದ ಕಡೆಯ ಕಬ್ಬಿನ ಹೊಲ ಮುಟ್ಟಲು ಹದಿಮೂರು ತಾಸು. ಇಳಿಸುವಾಗ ಕಾಶೀರಾಮನ ಅಕ್ಕ ಮೀರಾಬಾಯಿ ಸೆರಗು ಬಿಚ್ಚಿ ಕೂಸನ್ನು ತೆಗೆದವಳು, "ಇದು ಯಾಕ ಏಳವಲ್ಲದು?" ಎಂದು ಕೇಳಿದ್ದಳು. ಹತ್ತು ತಿಂಗಳ ಗಂಡು ಕೂಸು. ನಿಂತ ಮಂದಿಯ ಇಕ್ಕಟ್ಟಿನಲ್ಲಿ ಉಸಿರು ಸಿಗದೆ ಅದು ಯಾವ ಊರಿನ ಹತ್ತಿರ ಸತ್ತಿತೋ ಯಾರಿಗೂ ತಿಳಿಯಲಿಲ್ಲ. ಕಾಲುವೆ ದಂಡೆಯಲ್ಲಿ ಕುಣಿ ತೋಡಿ ಹುಗಿದರು. "ನಾಳಿ ಆರಕ್ಕ ಹಾಜರಿ ಅದ," ಎಂದ ಹಾವಗೆಪ್ಪ. ಮರುದಿನ ಆರಕ್ಕೆ ಅಕ್ಕ ಕತ್ತಿ ಹಿಡಿದು ಕಬ್ಬಿನ ಸಾಲಿನಲ್ಲಿದ್ದಳು. ಹದಿಮೂರು ತಾಸೂ ಕಾಶೀರಾಮ ಮುಂದೆ ಕುಳಿತು ಹಾಡು ಹಚ್ಚಿಕೊಂಡು ಬಂದಿದ್ದ.

ಈಗ ಅವನ ತಲೆಯಲ್ಲಿ ಒಂದೇ ವಿಚಾರ ಬೇರು ಬಿಟ್ಟಿತ್ತು. ಜಾಗ ಸಣ್ಣದಾದರೆ ಮಂದಿಯನ್ನೂ ಕಡಿಮೆ ತುಂಬುತ್ತಾರೆ. ಎಂಟು ಫೂಟಿನಲ್ಲಿ ಎಂಟೋ ಒಂಬತ್ತೋ ಕೋಯ್ತಾ. ಉಳಿದವರಿಗೆ ಈ ಮುಕಾದಮ ಎರಡನೇ ಖೇಪು ಹಾಕಲೇಬೇಕು, ಹಾಕದೆ ಎಲ್ಲಿ ಹೋಗುತ್ತಾನೆ? ಮಂದಿ ಕಾಲು ಚಾಚಿ ಕುಳಿತು ಹೋಗುತ್ತಾರೆ. ಏಳನೇ ಇಯತ್ತೆಗೆ ಸಾಲೆ ಬಿಟ್ಟವನ ಗಣಿತ ಇಷ್ಟು. ಅವನು ಅಂಗಿ ಬಿಚ್ಚಿ ದೊಡ್ಡ ಗಾಡಿಯ ಕೆಳಗೆ ನುಸುಳಿದ. ಬೆನ್ನ ಮೇಲೆ ಮಲಗಿ ನೋಡಿದ. ಚಾಸಿ ಬಾಣದಂತೆ ನೆಟ್ಟಗಿತ್ತು. ಎಲ್ಲೂ ಒಂದು ಹನಿ ಎಣ್ಣೆ ಸೋರಿರಲಿಲ್ಲ. ಇಷ್ಟು ಒಳ್ಳೆಯ ಗಾಡಿಯನ್ನು ಅವನು ಈ ಮೈದಾನದಲ್ಲಿ ನೋಡಿಯೇ ಇರಲಿಲ್ಲ.

ಹೊರಗೆ ಬಂದು ಮೈಯ ಮಣ್ಣು ಜಾಡಿಸಿಕೊಂಡ.

"ಇದು ಬ್ಯಾಡ್ರಿ ಮುಕಾದಮರ. ಚಾಸಿ ಬಗ್ಗ್ಯದ. ವೆಲ್ಡಿಂಗ್ ಹೊಡದು ಬಣ್ಣಾ ಬಳದಾರ. ಲೋಡ ಹಾಕಿ ಘಾಟ ಇಳಸಿದ್ರ ನಡುವ ಮುರಿತದ."

ಮುನೀರೋದ್ದೀನ ಚಹಾದ ಗ್ಲಾಸು ಕೆಳಗಿಟ್ಟು ಎದ್ದ. "ಯಾ ಅಲ್ಲಾ! ಏ ಕಾಶೀರಾಮ, ನಿನ್ನ ಕಣ್ಣಾಗ ಏನ ಬಿದ್ದದ? ವೆಲ್ಡಿಂಗ್ ಎಲ್ಲಿ ಅದ ತೋರಸು, ಗಾಡಿ ಪುಕಟ ಕೊಡ್ತೇನಿ."

"ಬಣ್ಣಾ ಬಳದದ್ದು ಹ್ಯಾಂಗ ಕಾಣಸ್ತದ ಚಾಚಾ? ನೀವೇ ಬಳಿಸೀರಿ, ನಿಮಗ ಗೊತ್ತು."

"ಇಪ್ಪತ್ತೆರಡು ವರ್ಷ ಆತು ಧಂದಾ ಮಾಡ್ಲತ್ತು. ಒಬ್ಬನೂ ನನಗ ಹಿಂಗ ಅಂದಿಲ್ಲ." ಮುದುಕ ಮುಕಾದಮನ ಕಡೆ ತಿರುಗಿದ. "ಹಾವಗೆಪ್ಪನೋರೆ, ಬೇರೆ ಮಿಸ್ತ್ರಿ ಕರಕೊಂಡ ಬಂದು ತೋರಸ್ರಿ."

ಕಾಶೀರಾಮನಿಗೆ ಮುದುಕನ ಮುಖ ನೋಡಲಾಗಲಿಲ್ಲ. ನೋಡಲಾಗದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. "ಮಿಸ್ತ್ರಿ ಬರಲಿ, ಅವ್ನ ಅಪ್ಪ ಬರಲಿ. ಆ ಗಾಡಿ ಮ್ಯಾಲ ನಾ ಕೂಡಂಗಿಲ್ಲ. ಬೇರೆ ಡ್ರೈವರ್‌ಗಿ ನೋಡ್ಕೋರಿ," ಎಂದುಬಿಟ್ಟ.

ಕಬ್ಬಿನ ಹಂಗಾಮು ನಾಲ್ಕು ದಿನಕ್ಕೆ ಬಂದಿತ್ತು. ಇಷ್ಟು ಹೊತ್ತಿನಲ್ಲಿ ಘಾಟಿನ ರಸ್ತೆ ಬಲ್ಲ ಬೇರೆ ಡ್ರೈವರ್ ಎಲ್ಲಿ ಸಿಗಬೇಕು? ಹಾವಗೆಪ್ಪ ಎಂಟು ಫೂಟಿನದನ್ನು ಕೊಂಡ. ಭಾಲ್ಕಿಯ ತನ್ನ ಮನೆಯ ಮುಂದೆ ನಿಲ್ಲಿಸಿ ನಾಲ್ಕು ಗಾಲಿಗೂ ನಿಂಬೆಹಣ್ಣು ಇಡಿಸಿ, ಹೆಂಡತಿಯ ಕೈಯಿಂದ ವಿಭೂತಿ ಹಚ್ಚಿಸಿದ. ಕಾಶೀರಾಮ ನಿಂಬೆಹಣ್ಣುಗಳನ್ನು ಚಪ್ಪಟೆ ಮಾಡಿ ಗಾಡಿಯನ್ನು ಹೊರಗೆ ತೆಗೆದ. ಬಹಳ ದಿನಗಳ ಮೇಲೆ ಅವನ ಮನಸ್ಸು ಹಗುರವಾಗಿತ್ತು.

ಅದು ಎರಡು ಸಾವಿರದ ಹದಿನೈದು. ಸತತ ಎರಡನೇ ವರ್ಷ ಮಳೆ ಕೈಕೊಟ್ಟಿತ್ತು. ಔರಾದದ ಬಸ್ ಸ್ಟ್ಯಾಂಡಿನಲ್ಲಿ ಹೈದರಾಬಾದಿನ ಬಸ್ಸಿಗೆ ಗಂಟು ಹೊತ್ತ ಮಂದಿ ಕಿಟಕಿಯಿಂದ ಹತ್ತುತ್ತಿದ್ದರು. ಹೋದ ವರ್ಷದ ತನಕ ಕಬ್ಬು ಕಡಿಯಲು ಹೋಗುತ್ತಿದ್ದವರು ಕಾಶೀರಾಮನ ಓಣಿ, ಊರ ಹೊರಗಿನ ಭೀಮನಗರದವರು ಮಾತ್ರ. ಈ ವರ್ಷ ಊರೊಳಗಿನವರೂ, ಹೊಲ ಇದ್ದವರೂ, ಹೆಸರು ಬರೆಸಿದ್ದರು. ಊರೊಳಗಿನವರು ಆರು ಕೋಯ್ತಾ, ಭೀಮನಗರದವರು ಎಂಟು. ಒಟ್ಟು ಹದಿನಾಲ್ಕು, ಹೋದ ವರ್ಷದಷ್ಟೇ.

ಹೊರಡುವ ದಿನ ಮುಂಜಾನೆ ಎಂಟಕ್ಕೆ ಗಾಡಿ ಊರ ಅಗಸೆಯ ಮುಂದೆ ನಿಂತಿತು. ಚಾಪೆ, ಬಿದಿರು, ಹಿಟ್ಟಿನ ಚೀಲ, ತಗಡಿನ ಕೊಡ, ಒಲೆಗಲ್ಲು, ಎಲ್ಲವನ್ನೂ ಹೊತ್ತುಕೊಂಡು ಮಂದಿ ಬಂದು ನೆರೆದರು. ಹಾವಗೆಪ್ಪ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಜೇಬಿನಿಂದ ಚೀಟಿ ತೆಗೆದ.

"ಒಂಬತ್ತು ಕೋಯ್ತಾ ಹಿಡೀತಾವ. ಹೆಸರ ಓದ್ತೇನಿ, ಹೆಸರ ಬಂದವರು ಹತ್ರಿ."

ಊರೊಳಗಿನ ಆರೂ ಹೆಸರು ಮೊದಲು ಬಂದವು. ಆಮೇಲೆ ಭೀಮನಗರದ ಮೂರು. ಚೀಟಿ ಮಡಿಚಿ ಜೇಬಿಗೆ ಹೋಯಿತು. ಐದು ಕೋಯ್ತಾ ಗಂಟು ಹೊತ್ತುಕೊಂಡು ನೆಲದ ಮೇಲೆ ಉಳಿದವು. ಅದರಲ್ಲಿ ಒಂದು ಮೀರಾಬಾಯಿ ಮತ್ತು ಅವಳ ಗಂಡ ಗೋರಖನಾಥ.

ಕಾಶೀರಾಮ ಸ್ಟೇರಿಂಗ್ ಬಿಟ್ಟು ಜಿಗಿದ. "ಉಳಿದವರಿಗಿ ಎರಡನೇ ಖೇಪ ಹಾಕೋದಲ್ಲೇನ್ರಿ? ಇವರಿಗಿ ಇಳಸಿ ನಿಂತ ಕಾಲಾಗ ಹೊಳ್ಳಿ ಬರ್ತೇನಿ."

"ನಾಳಿ ಮುಂಜಾನಿ ಕಾರ್ಖಾನ್ಯಾಗ ಟೋಳಿ ಮಂದಿ ಹೆಸರ ಬರಸ್ತಾರ. ಆ ಹೊತ್ತಿಗಿ ಕಣ್ಣಮುಂದ ಇದ್ದವರಿಗಿ ಕೆಲಸ. ಇಲ್ಲದವರ ಹೊಲ ಬೀಡ ಜಿಲ್ಲಾದ ಮಂದಿಗಿ ಹೋಗ್ತದ. ನೀ ಹೊಳ್ಳಿ ಬಂದು ಒಯ್ಯೂ ತನಕ ಕಬ್ಬ ನಿಂದರತದೇನೋ?"

"ಮತ್ತ ಇವರು?"

"ಮನ್ಯಾಗ ಇರ್ಲಿ." ಹಾವಗೆಪ್ಪ ನಕ್ಕ. "ಗಾಡಿ ನೀನೇ ಆರಿಸಿದ್ದಲ್ಲೋ ಶಾಣ್ಯಾ? ಹತ್ತಿಂದು ತಗೊಂಡಿದ್ರ ಎಲ್ಲಾರೂ ಹೋಗ್ತಿದ್ರು. ನಾ ಏನ ಮಾಡ್ಲಿ, ಚಾಸಿ ಬಗ್ಗಿತ್ತಲ್ಲ."

ಕಾಶೀರಾಮ ಬೇರೆ ದಾರಿ ಕಾಣದೆ ಎಲ್ಲರ ಮುಂದೆ ಹೇಳಿಬಿಟ್ಟ. "ಬಗ್ಗಿದ್ದಿಲ್ರಿ. ಛಲೋ ಇತ್ತು. ನಾ ಸುಳ್ಳ ಹೇಳಿದೆ. ಈಗಿಂದೀಗ ಬೀದರಕ್ಕ ಹೋಗಿ ಬದಲಿ ಮಾಡ್ಕೊಂಡ ಬರ್ತೇನಿ."

"ಅದು ಮೊನ್ನೇ ಹೋತು. ಹೈದರಾಬಾದದವ ಒಬ್ಬ ಒಯ್ದ, ಕುರಿ ತುಂಬಲಾಕ." ಹಾವಗೆಪ್ಪನಿಗೆ ಸಿಟ್ಟು ಬರಲಿಲ್ಲ. ಅದೇ ನೋಡಲು ಭಯವಾಗುತ್ತಿತ್ತು. ಅವನು ಮಂದಿಯ ಕಡೆ ತಿರುಗಿ ಕೈ ಚಾಚಿದ. "ಕೇಳಿದ್ರಾ? ನಿಮ್ಮ ಹುಡುಗ. ನಿಮ್ಮ ಓಣಿಯವ. ನಿಮ್ಮ ಸಲುವಾಗಿ ಸುಳ್ಳ ಹೇಳ್ಯಾನಂತ. ಅವಗ ಹಾರಾ ಹಾಕ್ರಿ."

ನೆಲದ ಮೇಲೆ ಉಳಿದವರಲ್ಲಿ ಒಬ್ಬಳಾದ ಕೇಶರಬಾಯಿ ತಲೆಯ ಮೇಲಿನ ಗಂಟನ್ನು ಧೊಪ್ಪನೆ ಇಳಿಸಿ ಬಂದಳು.

"ಯಾರು ಕೇಳಿದ್ರೋ ನಿನಗ, ನಮ್ಮ ಕುಂಡಿ ಊರಲಾಕ ಜಾಗಾ ಬೇಕಂತ? ಒಂಟಿಗಾಲ ಮ್ಯಾಲ ನಿಂತು ಹೋಗ್ತಿದ್ದಿವಿ. ಒಬ್ಬರ ಹೆಗಲ ಮ್ಯಾಲ ಒಬ್ಬರು ಕೂತು ಹೋಗ್ತಿದ್ದಿವಿ. ನೀ ಮುಂದ ಕುರ್ಚಿ ಮ್ಯಾಲ ಕೂಡಾವ, ನಿನಗ ಏನ ಗೊತ್ತೋ ಭಾಡ್ಯಾ!"

"ಅತ್ತಿ, ಹೋದ ವರ್ಷ ಕೂಸು..."

"ಕೂಸಿನ ಹೆಸರ ತಗೀಬ್ಯಾಡ."

ಹಾಗೆಂದವಳು ಕೇಶರಬಾಯಿ ಅಲ್ಲ. ಮೀರಾಬಾಯಿ. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಅದು ನನ್ನ ಕೂಸು ಇತ್ತು, ನಿಂದಲ್ಲ. ಸತ್ತದ್ದು ಸತ್ತಿತು, ನಾ ಕಬ್ಬ ಕಡದು ಆರು ತಿಂಗಳ ಉಂಡಿನಿ. ಈಗ ಅದರ ಹೆಸರ ಮ್ಯಾಲ ನನ್ನ ಬಾಯಾಗಿನ ತುತ್ತ ಕಸಗೊಂಡಿ. ನಿನಗ ಪುಣ್ಯಾ ಬೇಕಿತ್ತು. ನನಗ ಗಾಡ್ಯಾಗ ಜಾಗಾ ಬೇಕಿತ್ತು."

ಗೋರಖನಾಥ ಕಾಶೀರಾಮನ ಕಾಲ ಬಳಿ ಉಗುಳಿದ. ಹತ್ತಿ ಕುಳಿತ ಒಂಬತ್ತು ಕೋಯ್ತಾದವರು ಮೇಲಿನಿಂದ ನೋಡುತ್ತಿದ್ದರು. ಅವರೊಳಗಿನ ಒಬ್ಬ, "ಲಗೂ ಹೊಡೀರಿ, ಬಿಸಲ ಏರ್ತದ," ಎಂದ. ಅವನು ಭೀಮನಗರದವನೇ. ಅವನಿಗೆ ಜಾಗ ಸಿಕ್ಕಿತ್ತು.

ಕಾಶೀರಾಮ ಓಡಿದ. ಭೀಮನಗರದ ತುದಿಯಲ್ಲಿ ಬುದ್ಧವಿಹಾರದ ಕಟ್ಟಡ ನೀರಿಲ್ಲದೆ ಎಂಟು ತಿಂಗಳಿಂದ ಅರ್ಧಕ್ಕೆ ನಿಂತಿತ್ತು. ಸ್ಲ್ಯಾಬಿಗೆಂದು ತಂದಿಟ್ಟ ಸೆಂಟ್ರಿಂಗ್ ಹಲಗೆಗಳು ಗೋಡೆಗೆ ಒರಗಿಕೊಂಡಿದ್ದವು. ಒಂದೊಂದಾಗಿ ಒಂಬತ್ತು ಹಲಗೆ ಎಳೆದು ತಂದ. "ಎಲ್ಲಾರೂ ಇಳೀರಿ!" ಎಂದು ಚೀರಿದ. ಇಳಿಯದವರನ್ನು ರಟ್ಟೆ ಹಿಡಿದು ಇಳಿಸಿದ.

ಬಾಡಿಯ ಎರಡೂ ಅಂಚಿಗೆ ಹಲಗೆ ಅಡ್ಡ ಹಾಕಿ ಹಗ್ಗದಿಂದ ಬಿಗಿದ. ಹತ್ತು ನಿಮಿಷದಲ್ಲಿ ಗಾಡಿಗೆ ಮಾಳಿಗೆ ಎದ್ದಿತು. ಸಾಮಾನು ಕೆಳಗೆ, ಮಂದಿ ಮೇಲೆ. ಮೇಲೆ ಹತ್ತು ಕೋಯ್ತಾ ಹಿಡಿದವು. ನಾಲ್ಕು ಉಳಿದವು. ಆಗ ಅವನು ಬಿದಿರನ್ನೆಲ್ಲ ಎಳೆದು ಹೊರಗೆ ಒಗೆದ. ಕೊಡಗಳನ್ನು ಗಾಡಿಯ ಹೊರಮೈಗೆ ಕಟ್ಟಿದ. ಒಲೆಗಲ್ಲು ಬಿಸಾಕಿದ. ಹಲಗೆಯ ಕೆಳಗೆ, ಹಿಟ್ಟಿನ ಚೀಲಗಳ ನಡುವೆ, ಕುಕ್ಕರುಗಾಲಿನಲ್ಲಿ ಮನುಷ್ಯ ಕೂಡುವಷ್ಟು ಸಂದಿ ಆಯಿತು.

"ಒಳಗ ನುಸೀರಿ. ಮಕ್ಕಳಿಗಿ ಮೊದಲ ತಳ್ಳ್ರಿ. ಮೊಳಕಾಲ ಎದಿಗಿ ಹಚ್ಚು. ಏ, ಕಾಲ ಮಡಚು ಅಂದ್ರ! ಇನ್ನೂ ಸರಿ. ಗ್ವಾಡಿಗಿ ಹತ್ತು."

ಚೀಲ ತುಂಬುವವನ ಹಾಗೆ ಅವನು ಮೊಳಕಾಲಿನಿಂದ ಒತ್ತಿ ತುಂಬಿದ. ಯಾರದೋ ಮಗು ಅತ್ತಿತು, ಅದರ ತಲೆಯನ್ನು ಕೈಯಿಂದ ತಗ್ಗಿಸಿ ಒಳಗೆ ಸರಿಸಿದ. ಕೇಶರಬಾಯಿ ಹೋದಳು, ಅವಳ ಗಂಡ ಹೋದ, ಗೋರಖನಾಥ ಹೋದ. ಕೊನೆಗೆ ಉಳಿದವಳು ಅಕ್ಕ. ಅವಳಿಗೆ ಸಿಕ್ಕದ್ದು ಬಾಡಿಯ ಹಿಂಬಾಗಿಲ ಅಂಚು. ಅವಳು ಸೆರಗನ್ನು ನಡುವಿಗೆ ಸುತ್ತಿ, ಬೆನ್ನು ಬಗ್ಗಿಸಿ, ತಾನೇ ನುಸುಳಿದಳು. ತಮ್ಮನ ಮುಖ ನೋಡಲಿಲ್ಲ.

ಹಾವಗೆಪ್ಪ ನೆರಳಲ್ಲಿ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದ. ಹದಿನಾಲ್ಕೂ ಒಳಗೆ ಹೋದಾಗ ಹತ್ತಿರ ಬಂದು ಹಲಗೆಯನ್ನು ಬಡಿದು ನೋಡಿದ. ಗಟ್ಟಿಯಿತ್ತು.

"ಶಾಬಾಸ್ ಮಗನೇ! ನನಗ ಹೊಳೆದಿದ್ದಿಲ್ಲ ನೋಡು ಇದು. ಎಂಟು ಫೂಟು ಸಾಕಲ್ಲೋ. ಡೀಝಲ್ ಉಳೀತು, ಟಾಯರ್ ಉಳೀತು. ಮುಂದಿನ ವರ್ಷ ಇಂಥದೇ ಇನ್ನೊಂದು ತಗೊಳ್ಳಾಮು." ಅವನು ಕ್ಯಾಬಿನ್ನಿನಲ್ಲಿ ಕಾಶೀರಾಮನ ಪಕ್ಕ ಕುಳಿತು ಫೋನು ತೆಗೆದ. "ಕಮಲನಗರದಾಗ ಎರಡು ಕೋಯ್ತಾ ಕಾಯಲತ್ತಾವ. ಜಾಗಾ ಇಲ್ಲ ಅಂತ ಬಿಟ್ಟಿದ್ದೆ. ಹಿಡೀತಾವೇನೋ?"

ಕಾಶೀರಾಮ ಗೇರು ಹಾಕಿದ. ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲ ಎಂದ ಗಳಿಗೆಗೆ ಈ ಮನುಷ್ಯ ಯಾರನ್ನು ಕೆಳಗಿಳಿಸುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು.

"ಹಿಡೀತಾವ್ರಿ," ಎಂದ.

ಕಮಲನಗರದ ಕ್ರಾಸಿನಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಎರಡು ಜೋಡಿ ಗಂಟು ಹಿಡಿದು ರಸ್ತೆಯ ಮಗ್ಗುಲಿಗೆ ನಿಂತಿದ್ದರು. "ಬಸಾಯಲಾ ಜಾಗಾ ಆಹೇ ಕಾ?" ಕೂಡಲು ಜಾಗ ಇದೆಯೇ ಎಂದು ಅವರಲ್ಲೊಬ್ಬಳು ಮರಾಠಿಯಲ್ಲಿ ಕೇಳಿದಳು. ಕಾಶೀರಾಮ ಹಿಂಬಾಗಿಲ ಕೊಂಡಿ ತೆಗೆದ. ಒಳಗಿನಿಂದ ಬೆವರಿನ, ವಾಂತಿಯ ಕಾವು ಮುಖಕ್ಕೆ ಹೊಡೆಯಿತು. ಇಬ್ಬರು ಗಂಡಸರನ್ನು ಮೇಲೆ ಹತ್ತಿಸಿದ. ಇಬ್ಬರು ಹೆಂಗಸರನ್ನು ಕೆಳಗೆ, ಅಕ್ಕನ ಮಗ್ಗುಲಿಗೆ ಒತ್ತಿ ತುರುಕಿದ.

ಬಾಗಿಲು ಹಾಕಲು ಹೋದರೆ ಹಾಕಲಾಗಲಿಲ್ಲ. ಅಂಚಿಗೆ ನಾಲ್ಕು ಬೆರಳು ಹೊರಗೆ ಬಂದಿದ್ದವು. ಉಗುರಿನ ಸಂದಿಯಲ್ಲಿ ಹಿಟ್ಟು ಮೆತ್ತಿಕೊಂಡ ಬೆರಳುಗಳು, ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

"ಕೈ ಒಳಗ ತಗೋ ಅಕ್ಕಾ."

ಬೆರಳು ಅಲುಗಲಿಲ್ಲ. ಗಾಳಿಗೆಂದು ಹಿಡಿದಿದ್ದಳೋ, ಬೀಳಬಾರದೆಂದೋ. ಮುಂದಿನಿಂದ ಹಾವಗೆಪ್ಪ ಹಾರ್ನ್ ಬಾರಿಸಿದ. ಕಾಶೀರಾಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಮಡಚಿದ, ಕತ್ತಲೆಯೊಳಗೆ ತಳ್ಳಿದ. ಭುಜ ಕೊಟ್ಟು ಬಾಗಿಲು ಒತ್ತಿ ಕೊಂಡಿ ಹಾಕಿದ.