ಕಾಟಲಿಂಗಪ್ಪನವರ ಎಡೆ

ಕುಳಿತಲ್ಲಿಂದ ಎದ್ದರೆ ಕಾಟಲಿಂಗಪ್ಪನವರು ಕೂಡಲೇ ಹೆಜ್ಜೆಯಿಡುತ್ತಿರಲಿಲ್ಲ. ಗೋಡೆಗೆ ಅಂಗೈಯೂರಿ, ಯಾವುದೋ ಗಹನ ವಿಚಾರವನ್ನು ನೆನೆಯುವವರಂತೆ ಕಣ್ಣು ಮುಚ್ಚಿ, ನೆಲ ಸ್ಥಿರವಾದ ಮೇಲೆಯೇ ನಡೆಯುತ್ತಿದ್ದರು. ಮಾರಿಕಣಿವೆ ಅಣೆಕಟ್ಟಿನ ತೂಬಿನ ಕೆಲಸದಿಂದ 1976ರ ಮೇ 31ರಂದು ನಿವೃತ್ತರಾದ ಆ ಯಜಮಾನರ ನಿಲುವನ್ನು ಆದಿವಾಲದ ಜನ ಗಾಂಭೀರ್ಯವೆಂದೇ ತಿಳಿದಿದ್ದರು.

ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವಾಗ, ಗತಿಸಿದ ತಂದೆ ಬೀರಪ್ಪನ ಹೆಸರಿನಲ್ಲಿ ಒಂದು ಲೋಟ ಸಾರಾಯಿ ಇಡುವುದು, ಪೂಜೆಯಾದ ಮೇಲೆ ಅದನ್ನು ಹಿರಿಯ ಮಗನಾದ ಕಾಟಲಿಂಗಪ್ಪನವರೇ ಸ್ವೀಕರಿಸುವುದು ಆ ಮನೆಯ ಪದ್ಧತಿ. 1981ರ ನವೆಂಬರ್ 12ರಂದು ಪತ್ನಿ ಸಿದ್ದಕ್ಕ ತೀರಿಕೊಂಡ ತರುವಾಯ, ವರ್ಷಕ್ಕೊಮ್ಮೆಯ ಎಡೆ ಪ್ರತಿ ಅಮಾವಾಸ್ಯೆಗೆ ಬಂತು, ಆಮೇಲೆ ಸೋಮವಾರಗಳಿಗೆ, ಕಡೆಗೆ ಪ್ರತಿದಿನದ ಸಂಜೆಗೆ. ಸ್ನಾನ ಮಾಡಿ, ಮಡಿಪಂಚೆಯುಟ್ಟು, ವಿಭೂತಿ ಧರಿಸಿ ಕೂರುವವರನ್ನು ಕುಡುಕರೆನ್ನುವ ನಾಲಿಗೆ ಯಾರಿಗಿತ್ತು? ಕೈ ನಡುಗಿದರೂ, ಮಾತು ಮರೆತರೂ, ಊಟ ಸೇರದಿದ್ದರೂ ಮನೆಯವರು ವಯಸ್ಸೆಂದರು, ಟಾನಿಕ್ಕು ಕುಡಿಸಿದರು. ಲೋಟ ತೊಳೆಯುವ ಸೊಸೆ ಹುಲಿಗೆಮ್ಮನೊಬ್ಬಳೇ, ಅದು ವರ್ಷದಿಂದ ವರ್ಷಕ್ಕೆ ದೊಡ್ಡದಾದುದನ್ನು ಬಲ್ಲವಳು.

1989ರ ಫೆಬ್ರವರಿ 7, ಮಂಗಳವಾರ, ಬಚ್ಚಲಲ್ಲಿ ಜಾರಿ ಅವರ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದರು: "ಕುಡಿಯೋ ಅಭ್ಯಾಸ ಐತೇನ್ರಿ, ಯಜಮಾನ್ರೇ?"

"ಇಲ್ಲ ಸ್ವಾಮಿ. ಕುಡುಕರಿಗೆ ನಮ್ಮ ಹೊಸ್ತಿಲು ತುಳಿಯಾಕೇ ಬಿಡಲ್ಲ ನಾನು."

ವೈದ್ಯರು ಹುಲಿಗೆಮ್ಮನತ್ತ ತಿರುಗಿದರು. "ಮುಚ್ಚಿಡಬ್ಯಾಡಮ್ಮ. ದಿನಾ ಕುಡಿಯೋರಿಗೆ ಒಮ್ಮೆಗೇ ನಿಂತ್ರೆ ಎರಡು ಮೂರು ದಿನದಾಗೆ ಫಿಟ್ಸ್ ಬರ್ತೈತೆ, ಜೀವಾನೇ ಹೋಗಬಹುದು. ಗೊತ್ತಿದ್ರೆ ಮೊದ್ಲೇ ಔಷಧಿ ಕೊಡ್ತೀವಿ."

ಹೇಳಿದರೆ ಮಾವನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಮಾವನೇ ಹೋಗುತ್ತಾರೆ. ಅವಳು ಸೆರಗೆಳೆದುಕೊಂಡು ಕೇಳಿದಳು: "ಮಾವ, ಸಂಜೆ ಎಡೆಗಿಟ್ಟ ಲೋಟ ಯಾರು ಖಾಲಿ ಮಾಡ್ತಾರೆ?"

"ಅದು ಪ್ರಸಾದ ಕಣವ್ವ."

"ದಿನಾ ತಗಳ್ತೀರಾ?" ಎಂದರು ವೈದ್ಯರು.

"ಬಿಡಾಕಾಗ್ತೈತಾ ಸ್ವಾಮಿ? ಅಪ್ಪ ಕಾಯ್ತಿರ್ತಾನೆ."

"ಭಾರಿ ಬಾಯಾರಿಕೆ ಕಣಪ್ಪ ನಿಮ್ಮಪ್ಪಂದು," ಎಂದು ಪಕ್ಕದ ಮಂಚದವನು ನಕ್ಕ. ವೈದ್ಯರು ನಗಲಿಲ್ಲ, ಆ ಕ್ಷಣವೇ ಔಷಧಿ ಆರಂಭಿಸಿದರು. ಮೂರನೆಯ ದಿನ ಮುದುಕರ ಮೈಯೆಲ್ಲ ನಡುಗಿತು, ತಂದೆಯನ್ನು ಹೆಸರು ಹಿಡಿದು ಕೂಗಿದರು, ಆದರೆ ಜೀವ ಉಳಿಯಿತು.

ಮನೆಗೆ ಬಂದವರು ಯುಗಾದಿ ಕಳೆದರೂ ಸೊಸೆಯೊಡನೆ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತ ಕೇಳಿದರು: "ಅಷ್ಟು ವರ್ಷ ಲೋಟ ತೊಳೆದ್ಯಲ್ಲ, ಒಂದಿನಾನೂ ಯಾಕೆ ಕೇಳ್ಲಿಲ್ಲ ನನ್ನ?"

"ದೊಡ್ಡೋರನ್ನ ಹೆಂಗೆ ಕೇಳೋದು, ಮಾವ."

ಇಂಥ ವೃದ್ಧರು ಸುಳ್ಳಾಡುವವರಲ್ಲ, ಅದು ಪ್ರಸಾದವೆಂದೇ ನಂಬಿದವರು. ಹರೆಯದವನು ತೂರಾಡಿದರೆ ಕುಡಿತವನ್ನು ಕಾಣುವ ನಮ್ಮ ಕಣ್ಣು, ಹಿರಿಯರು ತೂರಾಡಿದರೆ ಬರಿಯ ವಯಸ್ಸನ್ನು ಕಾಣುತ್ತದೆ. ಕೇಳಬೇಕಾದ ಮಾತನ್ನು ಗೌರವದ ಹೆಸರಿನಲ್ಲಿ ನುಂಗಿ, ಅವರ ಕಾಲಿಗೆರಗಿ ಎದ್ದುಹೋಗುತ್ತೇವೆ, ಮತ್ತು ಅವರು ಒಬ್ಬರೇ ಉಳಿಯುತ್ತಾರೆ.